ಬಿಳಿ ಟಗರಿನ ಯಜಮಾನಿ

ಕಂಬಳಿ ಕೊಳ್ಳಲು ಬಂದವರ ಕೈಗೆ ಅವ್ವ ಮೊದಲು ಕಂಬಳಿಯ ಮೂಲೆ ಕೊಡುತ್ತಿದ್ದಳು. ಮೂಲೆಗೊಬ್ಬರಂತೆ ಹಿಡಿದು ನಿಂತ ಮೇಲೆ ನಡುವೆ ಒಂದು ಚೊಂಬು ನೀರು ಸುರಿಯುತ್ತಿದ್ದಳು. ನೇಯ್ಗೆ ಬಿಗಿಯಾಗಿದ್ದು, ಹುಣಸೆಬೀಜದ ಗಂಜಿ ಚೆನ್ನಾಗಿ ಹಿಡಿದಿದ್ದರೆ ನೀರು ಸೋರದೆ ಪುಟ್ಟ ಕೊಳದ ಹಾಗೆ ನಿಲ್ಲುತ್ತದೆ. "ನಿಂದರ್ರಿ, ನಿಂದರ್ರಿ, ಸೋರತೈತೇನು ನೋಡ್ರಿ" ಎಂದು ಹೇಳಿ, ಕೊಳ್ಳುವವನು ಕದಲದಂತೆ ಮಾಡಿ, ತನ್ನ ಕಥೆ ಶುರುಮಾಡುತ್ತಿದ್ದಳು. ಕಥೆ ಮುಗಿಯುವ ತನಕ ನೀರು ಸೋರುತ್ತಿರಲಿಲ್ಲ. ಅಷ್ಟು ಹೊತ್ತು ನೀರು ಹಿಡಿದ ಕಂಬಳಿಯನ್ನು ಬೇಡವೆನ್ನಲು ಅವನಿಗೂ ಬಾಯಿ ಬರುತ್ತಿರಲಿಲ್ಲ.

ಕಥೆ ಯಾವಾಗಲೂ ಒಂದೇ. ತನ್ನ ಅಜ್ಜಿ ಟಗರು ಕದ್ದ ಕಥೆ.

ಆ ಟಗರು ಅಂಗಡಿಯ ಮುಂದೆಯೇ ಇತ್ತು. ಜೀವದ ಟಗರಲ್ಲ, ಹಾಲುಗಲ್ಲಿನದು. ಮುಂಗಾಲು ಮಡಚಿ ಮಲಗಿ, ಯಾರೋ ಕರೆದಂತೆ ಕತ್ತು ಹೊರಳಿಸಿದ ಭಂಗಿ. ಕೊಂಬುಗಳು ಕಿವಿಯನ್ನು ಬಳಸಿ ಬಂದು ಕೆನ್ನೆಯ ಹತ್ತಿರ ಮುಗಿಯುತ್ತಿದ್ದವು. ಒಂದರ ತುದಿ ಮುಕ್ಕಾಗಿತ್ತು. ಬೆನ್ನ ಮೇಲಿನ ಉಣ್ಣೆಯ ಸುರುಳಿಗಳು ಎಷ್ಟೋ ತಲೆಮಾರಿನ ಕೈ ಆಡಿ ಸವೆದು ನುಣುಪಾಗಿದ್ದವು. ರಾಯದುರ್ಗದಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಬೂದುಬಣ್ಣದ ಗುಂಡುಬಂಡೆ. ಅವುಗಳ ನಡುವೆ, ಬೆಳಗಿನ ಬಿಸಿಲಿಗೆ ಕೆನೆಗಟ್ಟಿದ ಹಾಲಿನ ಹಾಗೆ ಕಾಣುವ ಈ ಕಲ್ಲು ಎಲ್ಲಿಂದ ಬಂತೆಂದು ಕೇಳದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಹೆಗಲಿಗೊಂದು ಮಾದರಿ ಕಂಬಳಿ ಹೊದೆಸಿ ಅದನ್ನು ಬಜಾರಿನ ಕಡೆಗೆ ಮುಖ ಮಾಡಿ ಕೂರಿಸಿದ್ದಳು ಅವ್ವ. ಊರಿಗೆಲ್ಲ ಅವಳು ಕಂಬಳಿ ಅವ್ವ.

ನಾನು ಮಡಕಶಿರಾದವನು. ಮದರಾಸು ಸರ್ಕಾರದ ಕಾಲದಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಗೆ, ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ರಾಯದುರ್ಗದ ಬೋರ್ಡು ಸ್ಕೂಲಿಗೆ ಮೇಷ್ಟರಾಗಿ ಬಂದ ಹೊಸದರಲ್ಲಿ ಅವಳ ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮೊದಲ ದಿನ ಬೆಳಿಗ್ಗೆ "ಅವ್ವಾ, ಆಲು ಎಲ್ಲಿ ಸಿಗುತ್ತೆ?" ಎಂದು ಕೇಳಿಬಿಟ್ಟೆ. ನಮ್ಮ ಕಡೆಯವರ ನಾಲಿಗೆ. ಎಷ್ಟು ಓದಿದರೂ ಎಚ್ಚರ ತಪ್ಪಿದಾಗ ಹಕಾರ ಹಾರಿಹೋಗುತ್ತದೆ. ಅವ್ವ ಕೈಲಿದ್ದ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೇಷ್ಟ್ರ, ನಿಮ್ಮ ಸೀಮ್ಯಾಗ ಹಕಾರ ಯಾರು ಕದ್ದಾರ್ರೀ? ನಮ್ಮಜ್ಜೀನ ಇರಬೇಕು ನೋಡ್ರಿ. ಟಗರಿನ ಜೋಡಿ ಅದನ್ನೂ ಬಂಡ್ಯಾಗ ಹೇರ್ಕೊಂಡು ಬಂದಿರಬೇಕು!"

ಹೇಳಿ ನಕ್ಕಳು. ಅವಳ ನಗು ಹೊಟ್ಟೆಯಲ್ಲಿ ಹುಟ್ಟಿ ಭುಜಕ್ಕೆ ಬಂದು ಕಿವಿಯ ಬೆಂಡೋಲೆ ಅಲ್ಲಾಡಿದ ಮೇಲೆಯೇ ಬಾಯಿಗೆ ಬರುತ್ತಿತ್ತು. ಎದುರಿಗಿದ್ದವರು ಬಾಯಿ ತಲಪುವ ಮೊದಲೇ ನಗಲು ಶುರುಮಾಡಿರುತ್ತಿದ್ದರು.

ಅಜ್ಜಿಯ ಕಳ್ಳತನದ ಕಥೆ ನನಗೂ ಅಂದೇ ಸಿಕ್ಕಿತು. ಅವ್ವನ ಅಜ್ಜಿ ಎತ್ತಿನ ಬಂಡಿ ಕಟ್ಟಿಕೊಂಡು ಊರೂರು ತಿರುಗಿ ಕಂಬಳಿ ಮಾರುತ್ತಿದ್ದವಳು. ನಮ್ಮ ಮಡಕಶಿರಾ ತಾಲೂಕಿನ ರೊಳ್ಳದ ಹತ್ತಿರ ಯಾರೋ ಸಣ್ಣ ಪಾಳೇಗಾರರ ವಾಡೆಯ ಅಂಗಳದಲ್ಲಿ ಈ ಟಗರನ್ನು ಕಂಡಳಂತೆ. ಕಂಡವಳಿಗೆ ಬಿಟ್ಟುಬರಲು ಮನಸ್ಸಾಗಲಿಲ್ಲವಂತೆ. ಕಾವಲಿನವರು ಉಣ್ಣಲು ಹೋದಾಗ ಕಂಬಳಿ ಗಂಟಿನ ಅಡಿಯಲ್ಲಿ ಹಾಕಿಕೊಂಡು ಬಂದಳಂತೆ. "ಮಂದಿ ಕೋಳಿ ಕದೀತಾರ, ಕುರಿ ಕದೀತಾರ. ಉಣ್ಣಿ ಕತ್ತರಿಸಾಕ ಬರಲಾರದ ಟಗರು ಕದ್ದಾಕಿ ನಮ್ಮಜ್ಜಿ ಒಬ್ಬಾಕೀನರೀ" ಎಂದು ಕಥೆ ಮುಗಿಸುತ್ತಿದ್ದಳು. ಅಪ್ಪ ಅಮ್ಮನನ್ನು ಎಳೆತನದಲ್ಲೇ ಕಳೆದುಕೊಂಡ ಅವ್ವನನ್ನು ಸಾಕಿದವಳು ಆ ಅಜ್ಜಿಯೇ. ಒಡಹುಟ್ಟಿದವರು ಯಾರೂ ಇರಲಿಲ್ಲ. ಮನೆ ಅಳಿಯನಾಗಿ ಬಂದ ಗಂಡನೂ ಬಹಳ ಕಾಲ ಬಾಳಲಿಲ್ಲ. ಉಳಿದದ್ದು ಅಂಗಡಿ, ಟಗರು ಮತ್ತು ಈ ಕಥೆ.

ಅವ್ವನ ಒಂದು ಗುಣ ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಅವಳು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಎಲ್ಲದಕ್ಕೂ "ಹೌದ್ರಿ" ಎನ್ನುತ್ತಿದ್ದಳು. ಆಮೇಲೆ ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದಳು. ಬಜಾರಿನ ಜೈನ ಶೆಟ್ಟರು ಬಂದು, "ಆಡು ನಮ್ಮ ತೀರ್ಥಂಕರರೊಬ್ಬರ ಲಾಂಛನವಮ್ಮಾ, ಇದು ನಮ್ಮ ಬಸದಿಯದೇ ಇರಬೇಕು" ಎಂದರೆ, "ಹೌದ್ರಿ ಶೆಟ್ರ, ನಿಮ್ದ. ಒಂದು ಹೂವು ಇಟ್ಟು ಹೋಗ್ರಿ." ಪುರೋಹಿತರು ಬಂದು, "ಟಗರು ಅಗ್ನಿದೇವನ ವಾಹನ, ಇದಕ್ಕೆ ಮಡಿ ಬೇಕು" ಎಂದರೆ, "ಹೌದ್ರಿ ಸ್ವಾಮಿ, ನಾಳೆ ಮುಂಜಾನೆ ಬಂದು ನೀವ ನೀರು ಹಾಕ್ರಿ." ಗುಮ್ಮಘಟ್ಟದ ಕುರಿಗಾರರು ಸಂತೆಗೆ ಬಂದಾಗ, "ಇದು ನಮ್ಮ ಬೀರಪ್ಪನ ಟಗರು" ಎಂದು ಅರಿಶಿನ ಬಳಿದರೆ, "ಹೌದಪ್ಪ, ಮತ್ಯಾರದು? ಹಚ್ರಿ." ಹೀಗೆ ಟಗರಿಗೆ ಶುಕ್ರವಾರ ಒಬ್ಬರು, ಸೋಮವಾರ ಒಬ್ಬರು ಯಜಮಾನರು. ಹೂವು, ಅರಿಶಿನ ಎಲ್ಲ ಒಣಗಿದ ಮೇಲೆ ಅವ್ವ ಅದನ್ನು ತೊಳೆದು, ಕಂಬಳಿ ಹೊದೆಸಿ, ಬಜಾರಿನ ಕಡೆ ಮುಖ ಮಾಡಿ ಕೂರಿಸುತ್ತಿದ್ದಳು.

ತೊಂದರೆ ಬಂದದ್ದು ರೈಲಿನಲ್ಲಿ. ಮದರಾಸಿನಿಂದ ಸರ್ಕಾರದ ಪರವಾಗಿ ಪುರಾತನ ವಸ್ತುಗಳನ್ನು ಕೂಡಿಹಾಕುವವರೊಬ್ಬರು ಬಂದು ಇಳಿದರು. ಕ್ಯಾಂಪಿಗೆ ಬಂದಿದ್ದ ಬಿಳಿಯ ದೊರೆಯೊಬ್ಬ ಈ ಟಗರನ್ನು ನೋಡಿ ಹೋಗಿ ಹೇಳಿದ್ದನಂತೆ. ಬಂದವರು ಭೂತಗನ್ನಡಿ ಹಿಡಿದು ನೆಲಕ್ಕೆ ಮಂಡಿಯೂರಿ ಟಗರಿನ ಗೊರಸು, ಕೊಂಬು, ಕಿವಿ ಎಲ್ಲ ನೋಡಿದರು. ಕಲ್ಲು ಈ ಸೀಮೆಯದಲ್ಲ, ಬಡಗಣದ್ದು. ಕೆಲಸ ಈ ಕಾಲದ್ದಲ್ಲ, ಬಹಳ ಪ್ರಾಚೀನ. ಇಂಥದ್ದು ಬೀದಿಯಲ್ಲಿ ಕಂಬಳಿ ಹೊದ್ದುಕೊಂಡು ಕೂತಿರಬಾರದು ಎಂದರು. ಅವ್ವ ಅವರಿಗೂ "ಹೌದ್ರಿ" ಎಂದಳು. ಆದರೆ ಸರ್ಕಾರಕ್ಕೆ "ಹೌದ್ರಿ" ಎಂದು ಹೇಳಿ ಸುಮ್ಮನಿರಲು ಆಗುವುದಿಲ್ಲ. ಕೆಲವೇ ದಿನಗಳಲ್ಲಿ ರಾಯದುರ್ಗ, ಮಡಕಶಿರಾ ಎರಡೂ ತಾಲೂಕುಗಳಲ್ಲಿ ದಂಡೋರ ಹಾಕಿಸಿದರು: ಈ ಟಗರಿನ ಮೇಲೆ ಹಕ್ಕು ಇರುವವರು ಡೆಪ್ಯುಟಿ ಕಲೆಕ್ಟರರು ಕ್ಯಾಂಪಿಗೆ ಬಂದ ದಿನ ಹಾಜರಾಗಿ ಹೇಳಿಕೊಳ್ಳಬೇಕು. ಯಾರ ಒಡೆತನವೂ ರುಜುವಾಗದಿದ್ದರೆ ಟಗರು ಮದರಾಸಿಗೆ.

ಅವ್ವ ನಗುವುದನ್ನು ಕಡಿಮೆ ಮಾಡಿದ್ದನ್ನು ನಾನು ನೋಡಿದ್ದು ಆಗಲೇ. ಟಗರಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು. "ಮದರಾಸಿನ್ಯಾಗ ಚಳಿ ಐತೇನ್ರಿ ಮೇಷ್ಟ್ರ?" ಎಂದು ಒಮ್ಮೆ ಕೇಳಿದಳು. ಇಲ್ಲ, ಬರೀ ಸೆಖೆ ಎಂದೆ. "ಹಂಗಾರ ಕಂಬಳಿಯವರ ಟಗರಿಗೆ ಅಲ್ಲೇನು ಕೆಲಸ?" ಎಂದಳು. ನಗಲಿಲ್ಲ.

ಊರಿನ ವಕೀಲರೊಬ್ಬರು ತಾವಾಗಿಯೇ ಬಂದು ಉಪಾಯ ಹೇಳಿಕೊಟ್ಟರು. "ನೋಡವ್ವ, ಆ ಕಳ್ಳತನದ ಕಥಿ ಮಾತ್ರ ಎತ್ತಬ್ಯಾಡ. ನಮ್ಮಜ್ಜಿ ಕೊಂಡಿದ್ಲು, ಯಾರ ಹತ್ರ ಅಂತ ಗೊತ್ತಿಲ್ಲ, ಇಷ್ಟು ಹೇಳು. ಉಳಿದದ್ದು ನಾ ನೋಡ್ಕೊಂತೀನಿ." ಅವ್ವ "ಹೌದ್ರಿ" ಎಂದಳು. ಸಂಜೆಯೆಲ್ಲ "ಕೊಂಡಿದ್ದು, ಕೊಂಡಿದ್ದು" ಎಂದು ಬಾಯಿಪಾಠ ಮಾಡಿದಳು.

ವಿಚಾರಣೆಯ ದಿನ ಬೆಳಿಗ್ಗೆ ಒಬ್ಬ ಮುದುಕರು ಅಂಗಡಿಯ ಮುಂದೆ ಬಂದು ನಿಂತರು. ಎತ್ತರದ ಆಳು, ತೇಪೆ ಹಾಕಿದ ಕರಿ ಕೋಟು, ಬಿಗಿಯಾಗಿ ಸುತ್ತಿದ ರುಮಾಲು, ಕಂಕುಳಲ್ಲಿ ಕೊಡೆ. ಬಿಸಿಲಲ್ಲಿ ನಡೆದು ಬಂದದ್ದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವ್ವ ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟಳು. ಅವರು ಕುಡಿಯಲಿಲ್ಲ; ಚೊಂಬು ಹಿಡಿದುಕೊಂಡೇ ಟಗರನ್ನು ನೋಡುತ್ತ ನಿಂತರು.

"ಯಾವ ಕಡೆಯವರ್ರೀ?" ಎಂದಳು ಅವ್ವ.

"ರೊಳ್ಳದ ಕಡೆ ತಾಯಿ."

"ನಮ್ಮ ಟಗರು ನೋಡಾಕ ಬಂದೀರೇನು?"

ಮುದುಕರು ಸಂಕೋಚದಿಂದ ನಕ್ಕರು. "ನಮ್ಮ ಟಗರು ನೋಡೋಕೆ ಬಂದಿವ್ನಿ ತಾಯಿ. ನಮ್ಮ ವಾಡೇದು."

"ಕುಡೀರಿ, ಮಜ್ಜಿಗಿ ಬಿಸಿ ಆಕೈತಿ" ಎಂದಷ್ಟೇ ಹೇಳಿ ಅವ್ವ ಒಳಗೆ ಹೋದಳು.

ಛತ್ರದ ಮುಂದಿನ ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಊರಿಗೆ ಊರೇ ಸೇರಿತ್ತು. ಟಗರನ್ನು ಬಂಡಿಯಲ್ಲಿ ತಂದು ಮೇಜಿನ ಪಕ್ಕ ಇಳಿಸಿದ್ದರು. ಡೆಪ್ಯುಟಿ ಕಲೆಕ್ಟರರು ತಮಿಳು ಸೀಮೆಯವರು. ಕನ್ನಡವನ್ನು ಪರೀಕ್ಷೆಗೆಂದು ಓದಿ ಕಲಿತವರು. ಸ್ಪಷ್ಟವಾಗಿ, ಗಂಭೀರವಾಗಿ ಕೇಳಿದರು:

"ಈ ಮೇಷದ ಒಡೆಯರು ಯಾರು?"

ಮೇಷವೆಂದರೆ ಟಗರು ಎಂದು ಅವ್ವನಿಗೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿ, "ಮೇಷ್ಟ್ರಿಗೆ ಯಾವ ಒಡೆಯರ್ರೀ ಸಾಹೇಬ್ರ? ಪಾಪ, ಅವರಿನ್ನೂ ಮದುವೀನ ಆಗಿಲ್ಲ" ಎಂದಳು. ಬೇವಿನ ಮರದ ಹಕ್ಕಿಗಳು ಹಾರಿಹೋಗುವಷ್ಟು ಜನ ನಕ್ಕರು. ಸಾಹೇಬರು ಕೂಡ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಆಮೇಲೆ ಶೆಟ್ಟರು ತೀರ್ಥಂಕರರ ಮಾತು ಹೇಳಿದರು, ಪುರೋಹಿತರು ಅಗ್ನಿಯ ಮಾತು ಹೇಳಿದರು. ಟಗರು ಊರು ಬಿಟ್ಟು ಹೋಗದಿದ್ದರೆ ಸಾಕು, ಮಿಕ್ಕದ್ದೇನೂ ನಮಗೆ ಬೇಡ ಎಂದು ಇಬ್ಬರೂ ಕೊನೆಗೆ ಸೇರಿಸಿದರು.

"ಈಗ ನೀವು ಹೇಳಿ ಅಮ್ಮಾ. ಇದು ನಿಮ್ಮ ಮನೆಗೆ ಹೇಗೆ ಬಂದಿತು?"

ವಕೀಲರು ಕಣ್ಣಲ್ಲೇ ಸನ್ನೆ ಮಾಡಿದರು. ಅವ್ವ ಬಾಯಿ ತೆರೆದಳು; 'ಕೊಂ' ಎನ್ನುವಷ್ಟು ತುಟಿ ಕೂಡಿದ್ದು ನನಗೆ ಕಂಡಿತು. ಅಷ್ಟರಲ್ಲಿ ಅವಳ ಕಣ್ಣು ಗುಂಪಿನ ಅಂಚಿನಲ್ಲಿ ಕೊಡೆ ಊರಿ ನಿಂತಿದ್ದ ಮುದುಕರ ಮೇಲೆ ಬಿತ್ತು.

"ಕದ್ದದ್ರೀ" ಎಂದಳು.

ವಕೀಲರು ಹಣೆ ಹಿಡಿದುಕೊಂಡರು.

"ನಮ್ಮಜ್ಜಿ ಕದ್ದದ್ರೀ ಸಾಹೇಬ್ರ. ಅಗೋ, ಅಲ್ಲಿ ನಿಂತಾರಲ್ಲ, ಅವರ ವಾಡ್ಯಾಗಿಂದ. ಇಷ್ಟು ದಿನ ಆ ಮನಿಯವರು ಯಾರು, ಎಲ್ಲಿ ಅದಾರ ಅಂತ ನನಗ ಗೊತ್ತಿರಲಿಲ್ಲ. ಮುಂಜಾನೆ ಎದುರಿಗೆ ಬಂದು ನಿಂತ್ರು. ಕಂಡ ಮ್ಯಾಲ ಹೆಂಗ ಸುಳ್ಳು ಹೇಳ್ಲಿ? ಮದರಾಸಿಗೆ ಕಳಸಬ್ಯಾಡ್ರಿ. ಅವರಿಗೆ ಕೊಡ್ರಿ."

ಜನ ಗುಜುಗುಟ್ಟಿದರು. ಸಾಹೇಬರು ಮುದುಕರನ್ನು ಮುಂದೆ ಕರೆದರು. ಅವರು ಕೊಡೆಯನ್ನು ಪಕ್ಕದವರ ಕೈಗೆ ಕೊಟ್ಟು, ರುಮಾಲು ಸರಿಮಾಡಿಕೊಂಡು ಬಂದರು.

"ಸ್ವಾಮಿ, ಆ ತಾಯಿ ಏಳಿದ್ದು ಸುಳ್ಳು."

ಮತ್ತೆ ಗದ್ದಲವೆದ್ದಿತು. ಅವ್ವ ಬೆಪ್ಪಾಗಿ ನೋಡಿದಳು.

"ಬೇಕು ಅಂತ ಏಳಿದ್ದಲ್ಲ, ಅವ್ರಿಗೂ ಗೊತ್ತಿಲ್ಲ" ಎಂದರು ಮುದುಕರು. "ಕುಂಪಣಿಯೋರು ವಾಡೆ ಜಪ್ತಿ ಮಾಡೋಕೆ ಬರ್ತವ್ರೆ ಅಂತ ಸುದ್ದಿ ಬಂತಂತೆ. ಗಂಡಸ್ರು ಯಾರೂ ಮನೇಲಿರ್ಲಿಲ್ಲ. ಬೆಳ್ಳಿ ಬಂಗಾರ ಆದ್ರೆ ಸೆರಗ್ನಾಗೆ ಕಟ್ಕೊಬೌದು, ಈ ಟಗ್ರನ್ನ ಎಲ್ಲಿ ಬಚ್ಚಿಡೋದು ಅಂತ ಎಂಗಸ್ರು ಅಳ್ತಾ ಕೂತಿದ್ರಂತೆ. ಅವತ್ತು ಕಂಬ್ಳಿ ಮಾರೋಕೆ ಬಂದಿದ್ದೋಳು ಇವ್ರಜ್ಜಿ. ನನ್ ಬಂಡೀಗೆ ಆಕ್ಬುಡಿ ಅಂದ್ಲಂತೆ. ದಾರೀಲಿ ಸಿಕ್ಕಾಕ್ಕೊಂಡ್ರೆ ಏನ್ ಮಾಡ್ತೀಯ ಅಂತ ನಮ್ಮಜ್ಜಿ ಕೇಳುದ್ಲು. ಕದ್ದೆ ಅಂತೀನಿ, ಸಾಯೋಗಂಟ ಕದ್ದೆ ಅಂತ್ಲೇ ಏಳ್ತೀನಿ, ನಿಮ್ಮ ಎಸ್ರು ಬಾಯಿಗೆ ಬರಾಕಿಲ್ಲ ಅಂದ್ಲಂತೆ. ಆಮೇಲೆ ವಾಡೆ ಬಿದ್ದೋಯ್ತು. ನಮ್ಮೋರು ಚದುರಿ ಓದ್ರು. ತಂದ್ಕೊಡೋಕೆ ಅಲ್ಲಿ ಯಾರಿದ್ರು? ಆ ಪುಣ್ಯಾತ್ಗಿತ್ತಿ ಕೊಟ್ಟ ಮಾತು ಮಾತ್ರ ಬಿಡ್ನಿಲ್ಲ ನೋಡಿ ಸ್ವಾಮಿ. ಮೊಮ್ಮಗ್ಳ ತಾವೂ ಬಾಯ್ಬಿಟ್ಟಿಲ್ಲ."

ಅವ್ವ ನಿಂತಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. "ಹಂಗೇನ್ರೀ? ಹಂಗೇನ್ರೀ?" ಎಂದು ಮುದುಕರನ್ನಲ್ಲ, ಟಗರನ್ನೇ ಕೇಳುತ್ತಿರುವಂತೆ ಕೇಳಿದಳು.

"ಹಾಗಾದರೆ ಒಡೆಯರು ನೀವೇ" ಎಂದರು ಸಾಹೇಬರು ಮುದುಕರಿಗೆ.

"ನಾನೆಲ್ಲಿ ಒಡೆಯ ಸ್ವಾಮಿ? ನಮ್ಮ ತಾವೇ ಇದ್ದಿದ್ರೆ ಎಂದೋ ಚೂರಾಗಿರ್ತಿತ್ತು. ಕಾಪಾಡ್ದೋರು ಅವ್ರು, ಅವ್ರದೇ."

"ಅದೆಂಗಾಕೈತ್ರೀ?" ಅವ್ವ ಎದ್ದು ನಿಂತಳು. "ಇಟ್ಕೊಂಡಿರು ಅಂತ ಕೊಟ್ಟದ್ದು ನಮ್ದು ಹೆಂಗಾದೀತು? ಅವರದ ಸಾಹೇಬ್ರ."

ಇಬ್ಬರೂ ಒಬ್ಬರ ಮೇಲೊಬ್ಬರು ಟಗರನ್ನು ಹೊರಿಸತೊಡಗಿದರು. ಸಾಹೇಬರು ಪೆನ್ನು ಕೆಳಗಿಟ್ಟು, "ವಾಡೆಗೆ ಇದು ಎಲ್ಲಿಂದ ಬಂದಿತು? ಅದನ್ನಾದರೂ ಹೇಳಿ" ಎಂದರು.

"ಕೊಳ್ಳೆ ಒಡೆದು ತಂದಿದ್ದು ಸ್ವಾಮಿ" ಎಂದರು ಮುದುಕರು, ಸ್ವಲ್ಪ ಹೆಮ್ಮೆಯಿಂದಲೇ. "ಪಾಳೇಗಾರ್ರು ಸಂತೇಲಿ ಕೊಂಡು ತರ್ತಾರಾ?"

"ಯಾರನ್ನು ಕೊಳ್ಳೆ ಹೊಡೆದದ್ದು?"

"ಅದ್ಯಾರಿಗ್ಗೊತ್ತು ಸ್ವಾಮಿ? ಅವ್ರೂ ಇನ್ಯಾರನ್ನೋ ಒಡೆದಿರ್ತಾರೆ."

ಮದರಾಸಿನವರು ಎದ್ದು, ಇಂಥ ಪುರಾತನ ಶಿಲ್ಪವನ್ನು ಹೀಗೆ ಬಿಡುವುದು ಸಲ್ಲದು ಎಂದು ಆಕ್ಷೇಪಿಸಿದರು. ಸಾಹೇಬರು ತಲೆಯಾಡಿಸಿದರು. "ಒಡೆಯರಿಲ್ಲದಿದ್ದರೆ ಸರ್ಕಾರಕ್ಕೆ ಎಂದಲ್ಲವೇ ಕಾನೂನು? ಇಲ್ಲಿ ಒಬ್ಬರಲ್ಲ, ಇಬ್ಬರಿದ್ದಾರೆ. ಇಬ್ಬರೂ ಒಲ್ಲೆವೆನ್ನುವುದು ಬೇರೆ ಮಾತು. ಅದನ್ನು ಅವರವರೇ ಬಗೆಹರಿಸಿಕೊಳ್ಳಲಿ."

ಬಗೆಹರಿಸಿದವಳು ಅವ್ವ. "ನಮ್ಮಜ್ಜಿ ಅರ್ಧ ದಾರಿ ತಂದು ನಿಲ್ಲಿಸ್ಯಾಳ, ಉಳಿದರ್ಧ ನಾ ಮುಟ್ಟಸ್ತೀನಿ" ಎಂದಳು. ಮುದುಕರು ಬೇಡವೆಂದರು. ಅವ್ವ "ಹೌದ್ರಿ" ಎಂದು ಬಂಡಿ ಹೂಡಿಸಿದಳು. ಸ್ಕೂಲಿಗೆ ಬೇಸಿಗೆ ರಜೆ ಬಂದಿತ್ತು. ನಾನೂ ಊರ ಕಡೆ ಹೊರಟವನು ಅದೇ ಬಂಡಿ ಹತ್ತಿದೆ.

ಅಂಥ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ. ಗುಮ್ಮಘಟ್ಟದಲ್ಲಿ ಕುರಿಗಾರರು ಬಂಡಿ ತಡೆದು, ತಮ್ಮ ಮರಿಗಳನ್ನೆಲ್ಲ ಎತ್ತಿ ತಂದು ಟಗರಿನ ಮೂತಿಗೆ ಮೂತಿ ಮುಟ್ಟಿಸಿ ಕಳುಹಿಸಿಕೊಟ್ಟರು. ಮೈಸೂರು ಸೀಮೆಯ ಅಂಚನ್ನು ಹಾಯುವಾಗ ಸುಂಕದ ಕಟ್ಟೆಯವನು, "ಬಂಡೀಲೇನು?" ಎಂದು ಕೇಳಿದ. "ಟಗರಪ್ಪ" ಎಂದಳು ಅವ್ವ. "ಮಾರೋಕಾ, ಸಾಕೋಕಾ?" ಎಂದ. "ತವರಿಗೆ ಬಿಡಾಕ ಹೊಂಟೀನಿ. ಮೇವು ತಿನ್ನಂಗಿಲ್ಲ, ಹಿಕ್ಕಿ ಹಾಕಂಗಿಲ್ಲ, ಭಾಳ ಮರ್ಯಾದಿ ಟಗರು." ಅವನು ಕಂಬಳಿ ಎತ್ತಿ ನೋಡಿ ಬೆಚ್ಚಿ ಹಿಂದೆ ಸರಿದು, ಆಮೇಲೆ ಚಪ್ಪಲಿ ಬಿಟ್ಟು ಕೈಮುಗಿದ. ಅಮರಾಪುರದಲ್ಲಿ ಬಂಡಿ ಬಿಟ್ಟ ಕಡೆ ಹೆಂಗಸರು ಸೇರಿದರು. ಅಜ್ಜಿಯ ಕಥೆಯನ್ನು ಅವ್ವ ಮೊದಲ ಸಲ ಹೊಸ ರೀತಿಯಲ್ಲಿ ಹೇಳಿದಳು. ಅಭ್ಯಾಸವಿಲ್ಲದೆ ನಡುನಡುವೆ ತಡವರಿಸಿದಳು. ಮುದುಕರು ಪಕ್ಕದಲ್ಲಿ ಕೂತು, ಬಿಟ್ಟುಹೋದದ್ದನ್ನು ಎತ್ತಿಕೊಡುತ್ತಿದ್ದರು.

ರೊಳ್ಳದ ಹತ್ತಿರದ ಅವರ ಹಳ್ಳಿಯಲ್ಲಿ ವಾಡೆಯಿದ್ದ ಜಾಗದಲ್ಲಿ ಈಗ ರಾಗಿ ಹೊಲವಿತ್ತು. ಮುದುಕರ ಮನೆ ಸಾಧಾರಣ ಹೆಂಚಿನ ಮನೆ. ಅವರ ಸೊಸೆ ಬಾಗಿಲಲ್ಲಿ ಟಗರಿಗೆ ಆರತಿ ಎತ್ತಿದಳು. ಎತ್ತಿದವಳು ತಟ್ಟೆ ತಿರುಗಿಸಿ ಅವ್ವನಿಗೂ ಎತ್ತಿದಳು. ಅವ್ವ ಹೆಗಲಿನಿಂದ ಹೊಸ ಕಂಬಳಿ ತೆಗೆದು ಟಗರಿಗೆ ಹೊದೆಸಿದಳು. ಊಟ ಮುಗಿಸಿ, ಎಲೆ ಹಾಕಿಕೊಂಡು, ಹಿಂತಿರುಗಿ ನೋಡದೆ ಬಂಡಿ ಹತ್ತಿದಳು.

ಅಲ್ಲಿಂದ ಮಡಕಶಿರಾಕ್ಕೆ ಹೋಗಬೇಕಾಗಿದ್ದ ನಾನು, ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ, ರಾಯದುರ್ಗದ ತನಕ ಜೊತೆಗಿದ್ದೆ. ದಾರಿಯುದ್ದಕ್ಕೂ ಅವ್ವ ಬಂಡಿಯಲ್ಲಿ ಟಗರು ಮಲಗಿದ್ದ ಜಾಗದ ಮೇಲೆ ಕೈಯಾಡಿಸುತ್ತಿದ್ದಳು. ಟಗರು ಹೋದ ದುಃಖವೆಂದುಕೊಂಡು ಸಮಾಧಾನದ ಮಾತೇನೋ ಹೇಳಿದೆ.

"ಟಗರು ಹೋಗಲಿ ಬಿಡ್ರಿ ಮೇಷ್ಟ್ರ" ಎಂದಳು. "ನಮ್ಮಜ್ಜಿ ಕಳ್ಳಿ, ನಮ್ಮಜ್ಜಿ ಕಳ್ಳಿ ಅಂತ ಊರ ಮಂದೀನೆಲ್ಲ ನಗಸ್ತಿದ್ದೆ. ಆಕಿ ಅಲ್ಲೇ ಒಲಿ ಮುಂದ ಕುಂತು ಕೇಳಿ ತಾನೂ ನಗ್ತಿದ್ಲು. ಎಂಥಾ ಎದಿ ಇರಬೇಕ್ರೀ ಆಕಿಗೆ?" ಸೆರಗು ಸರಿಮಾಡಿಕೊಂಡು, "ಅದೆಲ್ಲ ಇರ್ಲಿ, ಇನ್ನ ಕಂಬಳಿ ಮಾರುವಾಗ ಏನು ಹೇಳಿ ನಗಸಲಿ?" ಎಂದಳು. ಕೇಳಿದವಳಿಗೇ ನಗು ಬಂತು. ಭುಜ ಅಲ್ಲಾಡಿತು, ಬೆಂಡೋಲೆ ಅಲ್ಲಾಡಿತು. ಬಂಡಿ ಹೊಡೆಯುವವನು ಏನೆಂದು ತಿಳಿಯದೆಯೇ ನಕ್ಕ. ಆ ಹೊತ್ತಿಗೆ ಅವ್ವನ ಕೆನ್ನೆ ಒದ್ದೆಯಾಗಿತ್ತು.

ಮುಂದೆ ಪ್ರತಿವರ್ಷ ಸುಗ್ಗಿಯಲ್ಲಿ ರೊಳ್ಳದ ಕಡೆಯಿಂದ ಒಂದು ಚೀಲ ಕಡಲೆಕಾಯಿ ಬರುತ್ತಿತ್ತು. ಚಳಿಗೆ ಮುಂಚೆ ಇಲ್ಲಿಂದ ಒಂದು ಕಂಬಳಿ ಹೋಗುತ್ತಿತ್ತು. ಮುದುಕರು ತೀರಿಕೊಂಡ ಮೇಲೂ ಅವರ ಮಗ ಇದನ್ನು ನಿಲ್ಲಿಸಲಿಲ್ಲ. ನನಗೆ ಬಳ್ಳಾರಿಗೆ ವರ್ಗವಾಯಿತು. ಹೋದ ಮಾಘದಲ್ಲಿ ಅವ್ವನಿಗೆ ಮೈಯಲ್ಲಿ ಸರಿಯಿಲ್ಲವೆಂದು ಕೇಳಿ ರೈಲು ಹತ್ತಿ ಹೋದೆ. ರೊಳ್ಳದ ಮುದುಕರ ಮಗ, ಸೊಸೆ ಆಗಲೇ ಬಂದು ಆರೈಕೆಯಲ್ಲಿದ್ದರು. ಅವ್ವ ನನ್ನನ್ನು ಗುರುತಿಸಿದಳು. "ಆಲು ಕುಡೀತೀರೇನ್ರಿ ಮೇಷ್ಟ್ರ?" ಎಂದಳು. ಮರುದಿನ ಬೆಳಗಾಗುವಷ್ಟರಲ್ಲಿ ಇರಲಿಲ್ಲ.

ಬಜಾರು ಮುಚ್ಚಿತು. ಶೆಟ್ಟರು, ಪುರೋಹಿತರ ಮಗ, ಗುಮ್ಮಘಟ್ಟದ ಕುರಿಗಾರರು ಎಲ್ಲರೂ ಬಂದಿದ್ದರು. ಹೊರಡುವ ಹೊತ್ತಿಗೆ ಅವಳ ಜಾತಿಯ ಹಿರಿಯರೊಬ್ಬರು ಸುತ್ತ ನೋಡಿದರು.

"ತವರಿನ ಸೀರಿ ಹೊದಿಸಿ ಎತ್ತಬೇಕಲ್ರಪ್ಪ. ಆಕಿಗೆ ಅಣ್ಣ ತಮ್ಮ ಅಂತ ಯಾರೂ ಇಲ್ಲ. ಏನು ಮಾಡೂನು?"

ನಾನು ಹೋಗಿ ಒಂದು ಸೀರೆ ತರಲೇ, ನಾನು ತಂದರೆ ಒಪ್ಪುತ್ತಾರೆಯೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ, "ವಸಿ ದಾರಿ ಬಿಡ್ರಣ್ಣ" ಎಂಬ ದನಿ ಕೇಳಿತು. ಮುದುಕರ ಮಗ, ಪಕ್ಕದಲ್ಲಿ ಅವನ ಹೆಂಡತಿ. ಅವನ ಕೈಯಲ್ಲಿ ಮಡಿಕೆ ಬಿಚ್ಚದ ಹೊಸ ಸೀರೆಯಿತ್ತು.

"ನಾವೈದೀವಿ" ಎಂದ. "ನಾವು ತವ್ರುಮನೆಯೋರು."